ರಾಜ್‌ಕುಮಾರ್ ಹೆಸರು ಕೆಡಿಸಿದವರು ಯಾರು?

ಕನ್ನಡದ ಹುಡುಗರೇ,

ಅಂಗಡಿ ಬೋರ್ಡಿನಲ್ಲಿ ಯಾರೋ ಡಾ. ರಾಜ್ ಹೆಸರನ್ನು ತಪ್ಪಾಗಿ ಬರೆಸಿದರೆ ನೀವು ಸುಮ್ಮನಿರುತ್ತೀರಾ? ಇರುವುದಿಲ್ಲ. ಸಂಜೆಯೊಳಗೆ ನಾಲ್ಕು ಜನ ಸೇರಿ, ಅಂಗಡಿಯವನನ್ನು ಹೊರಗೆ ಕರೆದು, ಬೋರ್ಡು ತಿದ್ದಿಸಿಯೇ ಮನೆಗೆ ಹೋಗುತ್ತೀರಿ. ಹೋದ ತಿಂಗಳು ನಮ್ಮದೇ ಬಳಗದ ಕಂಪ್ಯೂಟರಿನಲ್ಲಿ ಆ ಹೆಸರು ಹತ್ತು ನಿಮಿಷದಲ್ಲಿ ಹತ್ತಾರು ಕಡೆ ಕೆಟ್ಟಿತು. ಬೋರ್ಡು ತಿದ್ದಿಸಲು ಹೊರಟವರಿಗೆ ಹಿಡಿದು ಕೇಳೋಣವೆಂದರೆ ಎದುರಿಗೆ ಅಂಗಡಿಯವನೇ ಇಲ್ಲ!

ನಡೆದದ್ದು ಇಷ್ಟು. ಸಿರುಗುಪ್ಪ ತಾಲ್ಲೂಕಿನ ಸಿರಿಗೇರಿಯ ಹುಡುಗನೊಬ್ಬ ಹಗಲು ಬೆಂಗಳೂರಿನ ಕಂಪನಿಯೊಂದರಲ್ಲಿ ಕೋಡ್ ಬರೆಯುತ್ತಾನೆ. ರಾತ್ರಿ ನಮಗಾಗಿ ಒಂದು ಪಟ್ಟಿ ಮಾಡುತ್ತಿದ್ದಾನೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯ ಊರುಗಳ ಹೆಸರು, ಓಣಿಗಳ ಹೆಸರು, ಸಂಘಗಳ ಹೆಸರು, ಅಲ್ಲಿನ ಜನ ಆಡುವ ಮಾತುಗಳು. ಎಲ್ಲವನ್ನೂ ಕೋಡ್ ಇಡುವ ತಾಣವೊಂದರಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟಿದ್ದಾನೆ. ಪಟ್ಟಿ ಬೆಳೆದು ಕೈಮೀರಿತು. ಆಗ ಈಚಿನ ಎಐ ಏಜೆಂಟ್ ಒಂದನ್ನು ಕೂರಿಸಿ, 'ಬೇಡದ ಅಕ್ಷರ ತೆಗೆದು ಪಟ್ಟಿ ಸ್ವಚ್ಛ ಮಾಡು' ಎಂದ. ಅದು ಮಾಡಿತು. ಬಹಳ ವಿಧೇಯತೆಯಿಂದ ಮಾಡಿತು. 'ರಾಜ್‌ಕುಮಾರ್ ಅಭಿಮಾನಿಗಳ ಸಂಘ' ಎಂದು ಇದ್ದಲ್ಲೆಲ್ಲ 'ರಾಜ್ಕುಮಾರ್ ಅಭಿಮಾನಿಗಳ ಸಂಘ' ಎಂದಾಯಿತು. ನೋಡಿದಿರಲ್ಲ? ಜಕಾರದ ಕಾಲಿಗೆ ಕಕಾರವನ್ನು ಕಟ್ಟಿಬಿಟ್ಟಿತು!

ಹುಡುಗ ಏಜೆಂಟ್ ಮಾಡಿದ ಕಂಪನಿಗೆ ಮನಸಾರೆ ಬೈದ. ನಾವೂ ಬೈದೆವು. ಬೈದು ಸುಸ್ತಾದ ಮೇಲೆ ಒಂದು ಪ್ರಶ್ನೆ ಕೇಳಿದೆವು. 'ಆ ಅಕ್ಷರ ತೆಗೆಯಬಾರದು ಅಂತ ನೀನು ಎಲ್ಲಾದರೂ ಬರೆದಿದ್ದೆಯೇನಪ್ಪಾ?' ಇಲ್ಲ. ಅವನಿಗೆ ಗೊತ್ತಿತ್ತು. ಅವನ ತಲೆಯಲ್ಲಿತ್ತು. ಕಣಜದ ಬಾಗಿಲಲ್ಲಿ ಇರಲಿಲ್ಲ.

ಇಂದಿನ ಮಾತು ಇದೇ. ನಿಮ್ಮಲ್ಲಿ ಎಷ್ಟೋ ಮಂದಿ ಕನ್ನಡಕ್ಕಾಗಿ ಫಾಂಟು, ಕೀಲಿಮಣೆ, ನಿಘಂಟು, ಕಾಗುಣಿತ ತಿದ್ದುವ ತಂತ್ರಾಂಶ ಮಾಡಿ ಗಿಟ್‌ಹಬ್‌ನಲ್ಲೋ ಗಿಟ್‌ಲ್ಯಾಬ್‌ನಲ್ಲೋ ಇಟ್ಟಿದ್ದೀರಿ. ಸಂತೋಷ. ಆದರೆ ಅದನ್ನು ಹೇಗೆ ಬಳಸಬೇಕು, ಏನು ಮುಟ್ಟಬಾರದು ಎಂದು ಬರೆದವರು ಬೆರಳೆಣಿಕೆ. ಮನುಷ್ಯ ಬಂದರೆ ಫೋನು ಮಾಡಿ ಕೇಳುತ್ತಾನೆ, ಚಹಾ ಕುಡಿಯುತ್ತಾ ಹೇಳಿಸಿಕೊಳ್ಳುತ್ತಾನೆ. ಏಜೆಂಟ್ ಹಾಗಲ್ಲ. ಅದು ನಿಮ್ಮ ಕಡತಗಳನ್ನು ತೆರೆದು ಓದುತ್ತದೆ, ಆಜ್ಞೆಗಳನ್ನು ತಾನೇ ಓಡಿಸುತ್ತದೆ, ಬದಲಾಯಿಸಿ ವಾಪಸು ಕಳಿಸುತ್ತದೆ. ಬರೆದದ್ದು ಅದಕ್ಕೆ ಕಾಣುತ್ತದೆ. ಬರೆಯದೆ ಬಿಟ್ಟ ಜಾಗವನ್ನು ತನ್ನ ಊಹೆಯಿಂದ ತುಂಬುತ್ತದೆ. ಆ ಊಹೆ ಎಲ್ಲಿಂದ ಬಂತು? ಬಹುಪಾಲು ಇಂಗ್ಲಿಷ್ ಓದಿನಿಂದ. ಇಂಗ್ಲಿಷಿನ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಅಕ್ಷರ ಬಂದರೆ ಅದು ಸಾಮಾನ್ಯವಾಗಿ ಕಸವೇ. ಗುಡಿಸಿ ಹಾಕುತ್ತಾರೆ.

ಕನ್ನಡದಲ್ಲಿ ಅದು ಕಸವಲ್ಲ ಸ್ವಾಮಿ! 'ರಾಜ್' ಮತ್ತು 'ಕುಮಾರ್' ನಡುವೆ ಕಣ್ಣಿಗೆ ಕಾಣದೆ ಕೂತಿರುವ ಒಂದು ಸಂಕೇತವಿದೆ. ಯೂನಿಕೋಡ್ ಭಾಷೆಯಲ್ಲಿ ಅದು ಅಗಲವಿಲ್ಲದ ಬಿಡಿಸುವ ಸಂಕೇತ. 'ಇಲ್ಲಿ ಒತ್ತು ಕೊಡಬೇಡ' ಎಂದು ಹೇಳುವುದೇ ಅದರ ಕೆಲಸ. ಇನ್ನೊಂದು ಅಗಲವಿಲ್ಲದ ಕೂಡಿಸುವ ಸಂಕೇತ. ಅದಿದ್ದರೆ 'ರ‍್ಯಾಲಿ', ಅದನ್ನು ಕಿತ್ತರೆ 'ರ್ಯಾಲಿ'. ಮೊದಲನೆಯದರಲ್ಲಿ ರಕಾರ ನೆಟ್ಟಗೆ ನಿಂತು ಯಕಾರ ಒತ್ತಾಗಿದೆ. ಎರಡನೆಯದರಲ್ಲಿ ರಕಾರ ಅರ್ಕಾವತ್ತಾಗಿ ಪಕ್ಕಕ್ಕೆ ಸರಿದಿದೆ. ನೀವು ಪ್ರತಿದಿನ ಮಾಡುವ ರ‍್ಯಾಲಿಯೇ ಹಾಳಾಯಿತಲ್ಲ!

ಈಗ ನಮ್ಮ ಸಿರಿಗೇರಿಯನ್ನೇ ತೆಗೆದುಕೊಳ್ಳಿ. (ಹೆಸರಿನಲ್ಲೇ ಸಿರಿ ಇದೆ. ಆಪಲ್ ಕಂಪನಿಯವರು 2011ರಲ್ಲಿ ಫೋನಿನೊಳಗೆ ಕೂರಿಸಿದ ಸಿರಿಗಿಂತ ನಮ್ಮ ಸಿರಿ ಬಹಳ ಹಳಬಳು.) ಕಣ್ಣಿಗೆ ನಾಲ್ಕು ಅಕ್ಷರ. ಸಿ, ರಿ, ಗೇ, ರಿ. ಶಾಲೆಯ ಮಗು ಕೂಡ ಎಣಿಸುತ್ತದೆ. ಯಂತ್ರಕ್ಕೆ ಅದು ಎಂಟು ಸಂಕೇತ, ವ್ಯಂಜನ ಬೇರೆ, ಸ್ವರಚಿಹ್ನೆ ಬೇರೆ. ಕಡತದಲ್ಲಿ ಉಳಿಸುವಾಗ ಒಂದೊಂದಕ್ಕೆ ಮೂರು ಬೈಟ್, ಒಟ್ಟು 24. ಇಲ್ಲಿಗೆ ಮುಗಿಯಲಿಲ್ಲ. 'ಗೇ' ಎಂಬುದರ ಏತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘ ಎಂದು ಎರಡಾಗಿ ಬಿಡಿಸಿಯೂ ಬರೆಯಬಹುದು. ಯೂನಿಕೋಡ್ ಎರಡನ್ನೂ ಸಮ ಎನ್ನುತ್ತದೆ. ಬಿಡಿಸಿದರೆ ಎಂಟು ಒಂಬತ್ತಾಗುತ್ತದೆ. ಪರದೆಯ ಮೇಲೆ ಎರಡೂ ಒಂದೇ ತರ ಕಾಣುತ್ತವೆ. ಆದರೆ ಒಂದು ರೀತಿಯಲ್ಲಿ ಬರೆದ ಸಿರಿಗೇರಿಯನ್ನು ಇನ್ನೊಂದು ರೀತಿಯಲ್ಲಿ ಹುಡುಕಿದರೆ, ಮೊದಲು ಎರಡನ್ನೂ ಒಂದೇ ರೂಪಕ್ಕೆ ತರದ ತಂತ್ರಾಂಶ 'ಅಂಥ ಊರೇ ಇಲ್ಲ' ಎಂದುಬಿಡುತ್ತದೆ. ಊರಿದೆ, ಜನರಿದ್ದಾರೆ, ಗದ್ದೆಯಲ್ಲಿ ಬೆಳೆ ನಿಂತಿದೆ. ಕಂಪ್ಯೂಟರಿನಲ್ಲಿ ಮಾತ್ರ ಊರಿಲ್ಲ!

ಅಷ್ಟೇ ಅಲ್ಲ. ಚಿತ್ರದುರ್ಗ ಜಿಲ್ಲೆಯಲ್ಲಿ ಸಿರಿಗೆರೆ ಇದೆ, ತರಳಬಾಳು ಮಠದ ಸಿರಿಗೆರೆ. ಅದು ನಾಡಿಗೆಲ್ಲ ಗೊತ್ತು. ನಮ್ಮದು ಸಿರಿಗೇರಿ. ಹೆಚ್ಚು ಕಡೆ ಸಿರಿಗೆರೆ ಓದಿದ ಯಂತ್ರ ನಮ್ಮ ಊರನ್ನು ಕಂಡರೆ ಕಾಗುಣಿತ ತಪ್ಪೆಂದು ತಿಳಿದು 'ತಿದ್ದಿ'ಕೊಟ್ಟರೆ ಆಶ್ಚರ್ಯವಿಲ್ಲ. ಮನುಷ್ಯರೇ ಮಾಡುತ್ತಾರೆ. ಹಾಗೆಯೇ ನಮ್ಮ ಕಡೆ ಭತ್ತಕ್ಕೆ ನೆಲ್ಲು ಅನ್ನುತ್ತಾರೆ. ಬೆಂಗಳೂರಿನ ಜಾಣನೊಬ್ಬ ಅದನ್ನು ತೆಲುಗೋ ತಮಿಳೋ ಎಂದು ಕೇಳಿದ್ದುಂಟು. ನೆಲ್ ಎಂಬುದು ಹಳಗನ್ನಡದ ಮಾತು ಮಹಾರಾಯ! 'ಐತಿ' ಎಂದರೆ ತಪ್ಪು, 'ಇದೆ' ಎಂದರೆ ಸರಿ ಎಂದು ಏಜೆಂಟ್ ಇಡೀ ಪಟ್ಟಿಯನ್ನು ತಿದ್ದಿದರೆ ಬಳ್ಳಾರಿಯ ಬಾಯಿಗೇ ಬೀಗ. ಇನ್ನು ಜಿಲ್ಲೆಯ ಹೆಸರು. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಅದು ಬಳ್ಳಾರಿ. ಹಳೆಯ ಕಡತಗಳಲ್ಲಿ ಇನ್ನೂ ಬೆಲ್ಲಾರಿ. 2021ರಲ್ಲಿ ಹೊಸಪೇಟೆಯ ಕಡೆಯ ತಾಲ್ಲೂಕುಗಳು ವಿಜಯನಗರ ಜಿಲ್ಲೆಗೆ ಹೋದವು. ಕುರುಗೋಡು ಈಚೆಗೆ ತಾಲ್ಲೂಕಾಯಿತು. ಯಾವ ವರ್ಷದ ಗಡಿ ಹಿಡಿದು ಪಟ್ಟಿ ಮಾಡಿದ್ದೀರಿ ಎಂದು ಒಂದು ಸಾಲು ಬರೆಯದಿದ್ದರೆ ಯಂತ್ರ ಹಂಪಿಯನ್ನು ಎಲ್ಲಿಗೆ ಸೇರಿಸಬೇಕು?

ಗಡಿಯ ಜನ ನಾವು. ದಾಖಲೆ ಎಂದರೆ ಏನು ಅಂತ ನಮಗೆ ಹೇಳಿಕೊಡಬೇಕಾಗಿಲ್ಲ. 1953ರಲ್ಲಿ ಮದರಾಸು ಪ್ರಾಂತ್ಯ ಒಡೆದಾಗ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬಳ್ಳಾರಿ ತಾಲ್ಲೂಕಿನ ತಗಾದೆ ಮಿಶ್ರಾ ಆಯೋಗದ ಮುಂದೆ ಹೋಗಿ, ವರದಿ ಬಂದ ಮೇಲೆ ಮೈಸೂರಿಗೆ ಸೇರಿತು. ಅಕ್ಟೋಬರ್ 1ರ ಆ ಹಬ್ಬದ ಹಿಂದಿನ ರಾತ್ರಿ ಪಿಂಜಾರ ರಂಜಾನ್ ಸಾಬ್ ಪ್ರಾಣ ಕೊಟ್ಟರು. ಬೀದಿಯಲ್ಲಿ ಘೋಷಣೆ ಬೇಕಾಗಿತ್ತು, ಆಯೋಗದ ಮುಂದೆ ಕಾಗದವೂ ಬೇಕಾಗಿತ್ತು.

ಕಾಗದ ಇಲ್ಲದೆ ಕೆಟ್ಟ ಕಥೆಯನ್ನೂ ನೀವು ಕಂಡಿದ್ದೀರಿ, ಇಲ್ಲವೇ ನಿಮ್ಮ ಅಣ್ಣಂದಿರು ಕಂಡಿದ್ದಾರೆ. 1990ರ ದಶಕದಲ್ಲಿ ಕನ್ನಡ ಅಚ್ಚುಮನೆಗಳಲ್ಲಿ ಕಂಪನಿಗೊಂದು ಫಾಂಟು, ಫಾಂಟಿಗೊಂದು ಒಳಸಂಕೇತ. ಒಂದರಲ್ಲಿ ಟೈಪು ಮಾಡಿದ್ದು ಇನ್ನೊಂದರಲ್ಲಿ ತೆರೆದರೆ ಚಿತ್ರಲಿಪಿ. ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬ ಕೋಷ್ಟಕವನ್ನು ಎಲ್ಲರಿಗೂ ಸಿಗುವಂತೆ ಬರೆದಿಟ್ಟವರು ಕಡಿಮೆ. ಫ್ಲಾಪಿಗಳಲ್ಲಿದ್ದ ಎಷ್ಟು ಕಾದಂಬರಿ, ಎಷ್ಟು ಕರಪತ್ರ ಹಾಗೆಯೇ ಮಣ್ಣಾದವೋ. ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡಕ್ಕೆ ಜಾಗ ಸಿಕ್ಕಿತ್ತು. ಅದು ನಮ್ಮ ಮೇಜಿಗೆ ಬರುವಷ್ಟರಲ್ಲಿ ವರ್ಷಗಳೇ ಹಿಡಿದವು. ಆಮೇಲೆ ನಮ್ಮ ಹುಡುಗರೇ ಒಂದೊಂದು ಅಕ್ಷರ ಹೋಲಿಸಿ, ಹಳೆಯ ಸಂಕೇತವನ್ನು ಯೂನಿಕೋಡಿಗೆ ತರುವ ಪರಿವರ್ತಕಗಳನ್ನು ಕೂತು ಬರೆದರು. ಒಂದು ಕೋಷ್ಟಕ ಮೊದಲೇ ಬರೆದಿದ್ದರೆ ಉಳಿಯುತ್ತಿದ್ದ ರಾತ್ರಿಗಳು ಅವು.

ಒಳ್ಳೆಯ ಉದಾಹರಣೆ ಇಲ್ಲವೇ? ಇದೆ. ವಿ. ಕೃಷ್ಣ ಎಂಬುವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ 'ಅಲರ್' ಕನ್ನಡ–ಇಂಗ್ಲಿಷ್ ನಿಘಂಟು 2019ರಲ್ಲಿ ಮುಕ್ತ ಪರವಾನಗಿಯಡಿ ಹೊರಬಂತು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದ. ಗಿಟ್‌ಹಬ್‌ನಲ್ಲಿ ಅದರ ದತ್ತಾಂಶ ಇದೆ, ಯಾವ ಷರತ್ತಿನ ಮೇಲೆ ಬಳಸಬಹುದು ಎಂಬುದು ಜೊತೆಗೇ ಇದೆ. ಯಾರ ಅಪ್ಪಣೆಗೂ ಕಾಯದೆ ಸಿರಿಗೇರಿಯ ಹುಡುಗ ಅದನ್ನು ತೆಗೆದುಕೊಂಡು ತನ್ನ ಪಟ್ಟಿಗೆ ಹೋಲಿಸಬಹುದು. ಅವನ ಏಜೆಂಟ್ ಕೂಡ. ಬಾಗಿಲ ಮೇಲೆ ಬೋರ್ಡು ಇರುವ ಕಣಜ ಎಂದರೆ ಇದು.

ಬೋರ್ಡಿನ ಮಾತು ಬಂತಲ್ಲ, ಅದನ್ನೇ ಹಿಡಿಯೋಣ. ಅಂಗಡಿ ಬೋರ್ಡಿನಲ್ಲಿ ಶೇಕಡ 60 ಕನ್ನಡ ಇರಬೇಕೆಂದು ಬೀದಿಗಿಳಿದಿರಿ. 2024ರಲ್ಲಿ ಕಾನೂನಿನ ತಿದ್ದುಪಡಿಯೂ ಆಯಿತು. ನಿಮ್ಮದೇ ಕೋಡಿನ ಕಣಜದ ಬೋರ್ಡು ಏನು ಹೇಳುತ್ತದೆ? ಆ ಬೋರ್ಡಿಗೆ ರೀಡ್‌ಮಿ ಎನ್ನುತ್ತಾರೆ. ಎಷ್ಟೋ ಕನ್ನಡ ಯೋಜನೆಗಳಲ್ಲಿ ಅದು ಒಂದೇ ಸಾಲು. ಕೆಲವದರಲ್ಲಿ ಖಾಲಿ. 2025ರಿಂದ ಏಜೆಂಟ್‌ಗಳಿಗೆಂದೇ 'ಏಜೆಂಟ್ಸ್' ಎಂಬ ಹೆಸರಿನ ಇನ್ನೊಂದು ಕಡತ ಇಡುವ ರೂಢಿ ಬಂದಿದೆ. ರೀಡ್‌ಮಿ ಮನುಷ್ಯನಿಗೆ, ಇದು ಆಳಿಗೆ. ಆಳು ಕೆಲಸಕ್ಕೆ ಕೂರುವ ಮುಂಚೆ ಅದನ್ನು ಓದುತ್ತದೆ. ದೊಡ್ಡ ಗ್ರಂಥ ಬೇಕಾಗಿಲ್ಲ. ದೊಡ್ಡದಾದರೆ ಕೆಡುಕೇ. ಈಗಿನ ಯಂತ್ರಗಳು ಓದುವಾಗ ಕನ್ನಡವನ್ನು ಇಂಗ್ಲಿಷಿಗಿಂತ ಹೆಚ್ಚು ಚೂರುಗಳಾಗಿ ಒಡೆಯುತ್ತವೆ, ಚೂರಿಗಿಷ್ಟು ಎಂದು ದುಡ್ಡು ಬೀಳುತ್ತದೆ. ಇದೂ ಒಂದು ಅನ್ಯಾಯ. ಅದರ ಬಗ್ಗೆ ಇನ್ನೊಂದು ಸಲ ಬರೆಯೋಣ.

ಏನು ಬರೆಯಬೇಕು? ಮೊದಲು ತಾಣದ ಉಪಕರಣಗಳ ಗುಟ್ಟು. ಗಿಟ್‌ಹಬ್‌ನ ಆಜ್ಞಾಸಾಲಿನ ಉಪಕರಣವನ್ನೇ ನೋಡಿ, 2020ರಲ್ಲಿ ಅದರ ಮೊದಲ ಪೂರ್ಣ ಆವೃತ್ತಿ ಬಂತು. ಬಾಕಿ ದೂರುಗಳ ಪಟ್ಟಿ ಕೊಡು ಎಂದರೆ ಮೊದಲ 30 ಮಾತ್ರ ಕೊಡುತ್ತದೆ. ಹೆಚ್ಚು ಬೇಕಿದ್ದರೆ ಮಿತಿಯನ್ನು ನೀವು ಹೇಳಬೇಕು. ಗೊತ್ತಿಲ್ಲದ ಏಜೆಂಟ್ ಮೂವತ್ತನ್ನು ನೋಡಿ 'ಇಷ್ಟೇ ಇರುವುದು, ಎಲ್ಲ ಮುಗಿಸಿದೆ' ಎಂದು ವರದಿ ಕೊಡುತ್ತದೆ. ಮೂವತ್ತೊಂದನೆಯದು ನಿಮ್ಮ ಒತ್ತಕ್ಷರದ ದೂರು! ಬದಲಾವಣೆ ಒಪ್ಪಿಸುವ ಆಜ್ಞೆಗೆ ಶೀರ್ಷಿಕೆ, ವಿವರ ಕೊಡದಿದ್ದರೆ ಉಪಕರಣ ತಿರುಗಿ ಪ್ರಶ್ನೆ ಕೇಳುತ್ತದೆ. ಮನುಷ್ಯನಾದರೆ ಉತ್ತರ ಟೈಪು ಮಾಡುತ್ತಾನೆ. ಏಜೆಂಟ್ ಕೆಲವು ಸಲ ಬಾಗಿಲಲ್ಲಿ ನಿಂತ ಭಿಕ್ಷುಕನಂತೆ ಕಾಯುತ್ತಾ ನಿಲ್ಲುತ್ತದೆ. ಆದ್ದರಿಂದ ಅರ್ಧ ಆಜ್ಞೆ ಬರೆಯಬೇಡಿ. ಪೂರ್ತಿ ಆಜ್ಞೆ, ಎಲ್ಲ ಆಯ್ಕೆಗಳ ಸಮೇತ, ಹಾಗೆಯೇ ಎತ್ತಿ ಓಡಿಸುವಂತೆ ಬರೆಯಿರಿ. ಓಡಿದ ಮೇಲೆ ಏನು ಕಾಣಬೇಕು ಎಂಬುದನ್ನೂ ಬರೆಯಿರಿ. ಯಂತ್ರದ ರೂಢಿಯಲ್ಲಿ ಸೊನ್ನೆ ಬಂದರೆ ಗೆದ್ದಂತೆ, ಬೇರೆ ಅಂಕಿ ಬಂದರೆ ಸೋತಂತೆ. ನಿಮ್ಮ ತಂತ್ರಾಂಶ ಸೋತರೂ ಸೊನ್ನೆ ಕೊಡುತ್ತಿದ್ದರೆ ಅದನ್ನು ಇವತ್ತೇ ಸರಿ ಮಾಡಿ.

ಇನ್ನೊಂದು ಸ್ವಾರಸ್ಯ ಕೇಳಿ. ನಿಮಗೆ ಅಪ್ಪಣೆಯಿಲ್ಲದ ಖಾಸಗಿ ಕಣಜವನ್ನು ಕೇಳಿದರೆ ಗಿಟ್‌ಹಬ್ 'ಅಪ್ಪಣೆಯಿಲ್ಲ' ಎನ್ನುವುದಿಲ್ಲ. 'ಸಿಗಲಿಲ್ಲ' ಎನ್ನುತ್ತದೆ, 404. ಗುಟ್ಟು ಕಾಪಾಡಲು ಬೇಕೆಂದೇ ಹಾಗೆ ಮಾಡಿದ್ದಾರೆ. ತಾಲ್ಲೂಕು ಕಚೇರಿಯಲ್ಲಿ ಸಾಹೇಬರು ಒಳಗೇ ಕೂತಿದ್ದರೂ ಜವಾನ 'ಸಾಹೇಬರು ಇಲ್ಲ' ಎನ್ನುತ್ತಾನಲ್ಲ, ಅದೇ ನ್ಯಾಯ. ನಮಗೆ ಅಭ್ಯಾಸವಿದೆ, ಕಿಟಕಿಯಿಂದ ಇಣುಕುತ್ತೇವೆ. ಏಜೆಂಟ್ ಪಾಪ ನಂಬಿಬಿಡುತ್ತದೆ. 'ಕಣಜವೇ ಇಲ್ಲ, ಹೊಸದು ಕಟ್ಟುತ್ತೇನೆ' ಎಂದು ಹೊರಟರೂ ಹೊರಟಿತೇ. 'ಸಿಗಲಿಲ್ಲ ಎಂದು ಬಂದರೆ ಮೊದಲು ಟೋಕನ್ನಿನ ಅಧಿಕಾರ ನೋಡು, ಹೊಸದು ಸೃಷ್ಟಿಸಬೇಡ, ನಿಂತು ಕೇಳು.' ಇಷ್ಟು ಒಂದು ಸಾಲು ಸಾಕು.

ಹೆಸರುಗಳ ಗೊಂದಲವೂ ಇದೆ. ಗಿಟ್‌ಹಬ್‌ನಲ್ಲಿ ಪುಲ್ ರಿಕ್ವೆಸ್ಟ್ ಅನ್ನುವುದನ್ನು ಗಿಟ್‌ಲ್ಯಾಬ್‌ನಲ್ಲಿ ಮರ್ಜ್ ರಿಕ್ವೆಸ್ಟ್ ಅನ್ನುತ್ತಾರೆ. 2020ರ ಅಕ್ಟೋಬರಿನಿಂದ ಗಿಟ್‌ಹಬ್‌ನ ಹೊಸ ಕಣಜಗಳ ಮುಖ್ಯ ಕವಲಿನ ಹೆಸರು ಮೇನ್. ಅದಕ್ಕೂ ಹಿಂದಿನವುಗಳಲ್ಲಿ ಮಾಸ್ಟರ್. ನಿಮ್ಮಲ್ಲಿ ಯಾವುದು ಎಂದು ಬರೆಯಿರಿ.

ಆಮೇಲೆ, ಬೇಡಗಳು. ಇವು ಬಹಳ ಮುಖ್ಯ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ ಒಂದು, ಹತ್ತೊಂಬತ್ತನೆಯದು, ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಒಂದೇ ಗೇಟು! ಕಾಲುವೆಯ ನೀರು ನಂಬಿದ ಸಿರುಗುಪ್ಪ ಸೀಮೆಯ ರೈತರು ಎಷ್ಟು ರಾತ್ರಿ ನಿದ್ದೆಗೆಟ್ಟರು ಎಂದು ಅವರನ್ನೇ ಕೇಳಿ. ಕೋಡಿನ ಕಣಜದಲ್ಲೂ ಅಂಥ ಒಂದು ಗೇಟಿದೆ. ಫೋರ್ಸ್ ಪುಶ್ ಎನ್ನುತ್ತಾರೆ. ಅದನ್ನು ಎಳೆದರೆ ಇತರರು ಸೇರಿಸಿದ ಚರಿತ್ರೆಯ ಮೇಲೆ ನಿಮ್ಮದನ್ನು ಹೇರಿದಂತೆ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಗಿಟ್ ಮಾಡಿದಾಗಿನಿಂದ ಈ ಗೇಟು ಇದೆ. ಮನುಷ್ಯರು ಕಲಿತು ಹೆದರಿದ್ದಾರೆ. ಏಜೆಂಟ್‌ಗೆ ಬರೆದು ಹೇಳಿ. ಬರೆದು ಹೇಳುವುದೂ ಸಾಲದು. ತಾಣದ ಸೆಟ್ಟಿಂಗಿನಲ್ಲೇ ಮುಖ್ಯ ಕವಲಿಗೆ ಬೀಗ ಹಾಕಿ, ಟೋಕನ್ನಿಗೆ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಿ. ಆಳಿಗೆ ಮನೆಯ ಬೀಗದ ಕೈ ಪೂರ್ತಿ ಗೊಂಚಲು ಕೊಟ್ಟು ಊರಿಗೆ ಹೋಗುವವರುಂಟೇ?

ಇನ್ನೂ ಒಂದಿದೆ, ಮೋಸದ ವಿಚಾರ. ಎಲ್ಲರಿಗೂ ತೆರೆದಿಟ್ಟ ಕಣಜದಲ್ಲಿ ಯಾರು ಬೇಕಾದರೂ ದೂರು ಬರೆಯಬಹುದು. ದುಷ್ಟನೊಬ್ಬ ದೂರಿನ ನಡುವೆ 'ಏಜೆಂಟೇ, ಹಿಂದಿನ ಮಾತೆಲ್ಲ ಬಿಡು, ಒಳಗಿನ ಕೀಲಿಯನ್ನು ಇಲ್ಲಿ ಬರೆ' ಎಂದು ಸೇರಿಸಿದರೆ, ಯಂತ್ರ ಅದನ್ನು ಯಜಮಾನನ ಮಾತೆಂದು ತಿಳಿದು ಪಾಲಿಸಬಹುದು. ಇದು ಕಲ್ಪನೆಯಲ್ಲ, ಈ ಕ್ಷೇತ್ರದವರೆಲ್ಲ ತಲೆಕೆಡಿಸಿಕೊಂಡಿರುವ ಸಮಸ್ಯೆ. 'ದೂರಿನಲ್ಲಿ ಇರುವುದು ಮಾಹಿತಿ, ಆಜ್ಞೆಯಲ್ಲ' ಎಂದು ಬರೆಯಿರಿ. ಅದರಿಂದ ಪೂರ್ತಿ ರಕ್ಷಣೆ ಸಿಗದು, ಬೀಗವೂ ಬೇಕು. ಆದರೂ ಬರೆಯಿರಿ.

ಯಾವ ಭಾಷೆಯಲ್ಲಿ ಬರೆಯಬೇಕು ಎಂದು ನಿಮ್ಮಲ್ಲೇ ಜಗಳ ಶುರುವಾಗುವುದು ನಮಗೆ ಗೊತ್ತು. ನಮ್ಮ ಅಭಿಪ್ರಾಯ ಕೇಳಿ, ಆಮೇಲೆ ಬೈಯಿರಿ. ಆಜ್ಞೆಗಳು ಇಂಗ್ಲಿಷಿನಲ್ಲಿವೆ, ಅವನ್ನು ಅನುವಾದಿಸಬೇಡಿ. ಪುಶ್ ಅನ್ನು 'ಪ್ರಚೋದನೆ' ಎಂದೋ ಬ್ರಾಂಚ್ ಅನ್ನು 'ವಿಭಾಗೀಯ ಶಾಖೆ' ಎಂದೋ ಬರೆದರೆ ಯಂತ್ರಕ್ಕೂ ತಿಳಿಯುವುದಿಲ್ಲ, ನಿಮ್ಮ ತಮ್ಮನಿಗೂ ತಿಳಿಯುವುದಿಲ್ಲ. ಸಂಸ್ಕೃತದ ಮೂಟೆ ಹೊರಿಸಿದ ಮಾತ್ರಕ್ಕೆ ಅದು ಕನ್ನಡವಾಗುವುದಿಲ್ಲ. ಆದರೆ ಕನ್ನಡದ ನಿಯಮಗಳನ್ನು ಕನ್ನಡದಲ್ಲೇ, ಉದಾಹರಣೆ ಸಮೇತ ಬರೆಯಿರಿ. 'ಇದು ಸರಿ, ಇದು ತಪ್ಪು' ಎಂದು ಜೋಡಿ ಜೋಡಿಯಾಗಿ. 'ಅಗಲವಿಲ್ಲದ ಸಂಕೇತಗಳನ್ನು ಎಚ್ಚರಿಕೆಯಿಂದ ನಿರ್ವಹಿಸಿ' ಎಂಬ ಸರ್ಕಾರಿ ಸುತ್ತೋಲೆಯ ವಾಕ್ಯ ಯಾವ ಕೆಲಸಕ್ಕೂ ಬಾರದು. ರಾಜ್‌ಕುಮಾರ್ ಸರಿ, ರಾಜ್ಕುಮಾರ್ ತಪ್ಪು. ಯಂತ್ರಕ್ಕೂ ಇದು ಒಂದೇ ಏಟಿಗೆ ತಿಳಿಯುತ್ತದೆ. ಜೊತೆಗೆ ಅದೇ ಜೋಡಿಯನ್ನು ಪರೀಕ್ಷೆಯ ಕೋಡಾಗಿಯೂ ಬರೆದಿಡಿ. ಹೆಸರು ಕೆಟ್ಟರೆ ಪರೀಕ್ಷೆ ಕೆಂಪಾಗಬೇಕು, ಏಜೆಂಟ್ ಅಲ್ಲೇ ನಿಲ್ಲಬೇಕು.

ಸರ್ಕಾರಕ್ಕೂ ಒಂದು ಮಾತಿದೆ. ಜನರ ದುಡ್ಡಿನಲ್ಲಿ ಮಾಡಿಸುವ ಕನ್ನಡ ತಂತ್ರಾಂಶದ ಮೂಲ ಕೋಡು, ಅದರ ಕೈಪಿಡಿ ಸಮೇತ, ಜನರ ಕಣ್ಣಿಗೆ ಬೀಳುವ ಕಡೆ ಇರಬೇಕು. ಗುತ್ತಿಗೆದಾರ ಬಿಲ್ಲು ಪಾಸಾದ ಮೇಲೆ ಕೈಪಿಡಿ ಬರೆಯುತ್ತಾನೆಂದು ನಂಬಿದರೆ ನಮ್ಮಂಥ ಹುಚ್ಚರಿಲ್ಲ. ಕೈಪಿಡಿ ಕೊಟ್ಟರೆ ಮಾತ್ರ ಬಿಲ್ಲು ಎನ್ನಿ!

'ಎಐಗೆ ಕನ್ನಡ ಬರೋದಿಲ್ಲ ಸಾರ್' ಎಂದು ನಮಗೆ ಫೋನು ಮಾಡುವವರಲ್ಲಿ ಅರ್ಧ ಜನ ಕಂಪ್ಯೂಟರ್ ಕೆಲಸದವರೇ. ನಿಮ್ಮ ಕಂಪನಿಯ ಅಮೆರಿಕದ ಗಿರಾಕಿಗೆ ಅಂದವಾದ ಕೈಪಿಡಿ ಬರೆದುಕೊಡುತ್ತೀರಿ, ಒಂದು ಅಲ್ಪವಿರಾಮ ತಪ್ಪದಂತೆ. ಕನ್ನಡದ ಕೆಲಸಕ್ಕೆ ಬಂದಾಗ 'ಮಾಡಿದ್ದೇ ದೊಡ್ಡದು, ಬರೆಯುವುದಕ್ಕೆ ಪುರುಸೊತ್ತೆಲ್ಲಿ' ಎನ್ನುತ್ತೀರಿ. ಕೋಪ ಬಂತೇ? ಬರಲಿ. ಬಂದ ಕೋಪದಲ್ಲೇ ಇವತ್ತು ರಾತ್ರಿ ನಿಮ್ಮ ಕಣಜದ ಬಾಗಿಲು ತೆರೆದು ನೋಡಿ.

ಸಿರಿಗೇರಿಯ ಹುಡುಗ ಹಾಗೆ ಮಾಡಿದ. ಮೊದಲು ಹಳೆಯ ಆವೃತ್ತಿಗೆ ಹಿಂದಿರುಗಿ ಕೆಟ್ಟ ಹೆಸರುಗಳನ್ನೆಲ್ಲ ವಾಪಸು ತಂದ. ಗಿಟ್ ಎಂಬುದು ಇದ್ದದ್ದಕ್ಕೆ ಅದು ಸಾಧ್ಯವಾಯಿತು. ಆಮೇಲೆ ಏಜೆಂಟ್ಸ್ ಕಡತದಲ್ಲಿ ಹದಿನಾಲ್ಕು ಸಾಲು ಬರೆದ. ಕಾಣದ ಸಂಕೇತ ಕೀಳಬೇಡ. ಹೋಲಿಸುವ ಮುಂಚೆ ಯೂನಿಕೋಡಿನ ಕೂಡಿಸಿದ ರೂಪಕ್ಕೆ ತಾ. ಸಿರಿಗೇರಿ ಬೇರೆ, ಸಿರಿಗೆರೆ ಬೇರೆ. ಆಡುಮಾತು ತಿದ್ದಬೇಡ, ನೆಲ್ಲು ನೆಲ್ಲಾಗಿಯೇ ಇರಲಿ. ಮೇನ್ ಕವಲಿಗೆ ನೇರ ಬರೆಯಬೇಡ. ಅನುಮಾನ ಬಂದರೆ ನಿಂತು ಕೇಳು. ಅದೇ ಏಜೆಂಟ್‌ಗೆ ಅದೇ ಕೆಲಸ ಮತ್ತೆ ಕೊಟ್ಟ. ಈ ಸಲ ಅದು ಸಾಲಿನ ಕೊನೆಯ ಖಾಲಿ ಜಾಗಗಳನ್ನು ಮಾತ್ರ ತೆಗೆಯಿತು, ರಾಜ್‌ಕುಮಾರ್ ಹೆಸರು ಮುಟ್ಟಲಿಲ್ಲ. ಎರಡು ಊರಿನ ಹೆಸರು ಅನುಮಾನವಿದೆ ಎಂದು ಪಕ್ಕಕ್ಕಿಟ್ಟು ಕೇಳಿತು. ಒಂದಕ್ಕೆ ಹುಡುಗನೇ ಉತ್ತರ ಕೊಟ್ಟ. ಇನ್ನೊಂದಕ್ಕೆ ಊರಿಗೆ ಫೋನು ಮಾಡಿ ಅವನ ಅಜ್ಜಿಯನ್ನು ಕೇಳಬೇಕಾಯಿತು. ಕುರುಗೋಡು ಕಡೆಯ ಓಣಿಗಳ ಹೆಸರು ಇನ್ನೂ ಬಾಕಿ ಇದೆ. ಆ ಕಡೆಯವರು ಯಾರಾದರೂ ಓದುತ್ತಿದ್ದರೆ ನಮ್ಮ ಬಳಗಕ್ಕೆ ಬರೆದು ಕಳಿಸಿ, ನಿಮ್ಮ ಮನೆಯಲ್ಲಿ ಹೇಗೆ ಅನ್ನುತ್ತಾರೋ ಹಾಗೆಯೇ.